ಒಗೆದು ಸವೆಯಬೇಕಾದ ಉಡುಗೊರೆ

ಹುಟ್ಟಿದ ಮಗುವನ್ನು ನೋಡಲು ಬರಿಗೈಯಲ್ಲಿ ಹೋಗುವ ವಾಡಿಕೆ ನಮ್ಮಲ್ಲಿಲ್ಲ. ಉಳ್ಳವರು ಬೆಳ್ಳಿಯ ಉಡಿದಾರ ತರುತ್ತಾರೆ. ಇಲ್ಲದವರು ಒಂದು ಅಂಗಿ, ಒಂದು ಸಾಬೂನು. ಇವುಗಳ ನಡುವೆ ಕೈಯಿಂದ ಹೆಣೆದ ಹೊದಿಕೆಗೆ ಬೇರೆಯೇ ಸ್ಥಾನವುಂಟು. ಅದು ಕೊಟ್ಟವರ ಹಣವನ್ನು ಹೇಳುವುದಿಲ್ಲ, ಹೊತ್ತನ್ನು ಹೇಳುತ್ತದೆ. ಆದರೆ ಇಂಥ ಹೊದಿಕೆಗಳಲ್ಲಿ ಹೆಚ್ಚಿನವು ಮಗುವಿನ ಮೈಯನ್ನು ಮುಟ್ಟದೆ, ಗುಳಿಗೆಯ ವಾಸನೆಯೊಡನೆ ಕಪಾಟಿನಲ್ಲಿಯೇ ಮುದಿಯಾಗುತ್ತವೆ. ಚೆಂದವಿದೆ, ಹಾಳಾದೀತು ಎಂಬ ಭಯ ಒಂದು ಕಾರಣ. ನಮ್ಮ ಹವೆಗೆ ಅದು ಒಗ್ಗದಿರುವುದು ಇನ್ನೊಂದು. ಕಪಾಟಿಗಲ್ಲದೆ ಒಗೆಯುವ ಕಲ್ಲಿಗೆ ಸಲ್ಲುವ ಹೊದಿಕೆಯನ್ನು ಹೆಣೆಯುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇನೆ.

ನನ್ನ ಊರು ಉಡುಪಿಯ ಬಳಿಯ ಕೆಮ್ಮಣ್ಣು. ಸ್ವರ್ಣಾ ನದಿ ಕಡಲನ್ನು ಸೇರುವ ಮೊದಲು ಕುದ್ರುಗಳನ್ನು ಬಳಸಿಕೊಂಡು ಹರಿಯುವ ಪ್ರದೇಶ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಡೆಬಿಡದ ಮಳೆ. ಉಳಿದ ತಿಂಗಳುಗಳಲ್ಲಿ ಬೆವರು. ಹೆಸರೇ ಹೇಳುವಂತೆ ಮಣ್ಣು ಕೆಂಪು. ಮಳೆಯ ಹನಿ ಅಂಗಳದಿಂದ ಚಿಮ್ಮಿದರೆ ಜಗಲಿಯ ಮೇಲಿನ ಬಟ್ಟೆಗೂ ಅದರ ಗುರುತು ಬೀಳುತ್ತದೆ. ಇಂಥ ಕಡೆಗೆ ಕೊಲ್ಲಿ ರಾಷ್ಟ್ರಗಳಿಂದ ಬಂಧುಗಳು ತರುವ ದಪ್ಪ ಮೃದು ಕಂಬಳಿಗಳು ಪ್ರೀತಿಯ ಕೊಡುಗೆಗಳೇ ಹೌದು. ಆದರೆ ಏಪ್ರಿಲ್ ತಿಂಗಳ ರಾತ್ರಿಯಲ್ಲಿ ಅವನ್ನು ಮಗುವಿಗೆ ಹೊದಿಸುವವರು ಯಾರು? ಚಳಿಯ ದೇಶಗಳ ಮಾದರಿ ಪುಸ್ತಕಗಳನ್ನು ನೋಡಿ ಉಣ್ಣೆಯಲ್ಲಿ ಹೆಣೆಯುವ ನಾವೂ ಇದೇ ಅವಿಚಾರಕ್ಕೆ ಒಳಗಾಗುತ್ತೇವೆ.

ನಮ್ಮ ಹಿರಿಯರು ಈ ಪ್ರಶ್ನೆಯನ್ನು ತಮ್ಮದೇ ರೀತಿಯಲ್ಲಿ ಬಿಡಿಸಿಕೊಂಡಿದ್ದರು. ಹಸುಳೆಗೆ ಮೊದಲು ಸುತ್ತುತ್ತಿದ್ದುದು ಅಜ್ಜಿಯ ಹಳೆಯ ಹತ್ತಿಯ ಸೀರೆ. ನೂರು ಸಲ ಒಗೆದು ಒಗೆದು ಮೆತ್ತಗಾದ ಆ ಬಟ್ಟೆಗೆ ಸಮನಾದುದು ಅಂಗಡಿಯಲ್ಲಿ ದೊರೆಯದು. ಉತ್ತರ ಕರ್ನಾಟಕದಲ್ಲಿ ಅದೇ ಹಳೆಯ ಸೀರೆಗಳು ಪದರಪದರವಾಗಿ ಸೇರಿ ಕೌದಿಯಾಗುತ್ತವೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳಗಳ ಸಿದ್ದಿ ಮಹಿಳೆಯರು ಹಳೆಯ ಬಟ್ಟೆಯ ತುಂಡುಗಳನ್ನು ಅಂಚಿನಿಂದ ನಡುವಿನತ್ತ ಹೊಲಿಯುತ್ತ ಸಾಗುತ್ತಾರೆ; ಮೂಲೆಗಳಿಗೆ ‘ಫುಲಾ’ ಎಂಬ ಮಡಿಸಿದ ತುಂಡುಗಳನ್ನು ಇಟ್ಟ ಮೇಲೆಯೇ ಅದು ಮುಗಿಯಿತೆಂದು ಲೆಕ್ಕ. ತೊಟ್ಟಿಲಿನ ಮಗುವಿಗೂ ಅವರು ಇಂಥವನ್ನು ಹೊಲಿಯುವುದುಂಟು. ಹತ್ತಿಯಾಗಿರಬೇಕು, ಮೆತ್ತಗಿರಬೇಕು, ಒಗೆತಕ್ಕೆ ಹೆದರಬಾರದು: ಈ ಮೂರು ಗುಣಗಳನ್ನು ನಾವು ಅವರಿಂದ ಕಲಿಯಬೇಕು.

ಕ್ರೋಶಾ ನಮಗೆ ಹೊರಗಿನಿಂದ ಬಂದ ಕಸುಬು. ಫ್ರೆಂಚ್ ಭಾಷೆಯಲ್ಲಿ ಆ ಶಬ್ದಕ್ಕೆ ಚಿಕ್ಕ ಕೊಕ್ಕೆ ಎಂದೇ ಅರ್ಥ. ಎರಡು ಕಡ್ಡಿಗಳ ಹೆಣಿಗೆಯಲ್ಲಿ ಸಾಲಿನ ಕಣ್ಣಿಗಳೆಲ್ಲ ಕಡ್ಡಿಯ ಮೇಲೆಯೇ ಇರುತ್ತವೆ. ಕಡ್ಡಿ ಜಾರಿದರೆ ಸಾಲೇ ಜಾರುತ್ತದೆ. ಕ್ರೋಶಾದಲ್ಲಿ ಸಾಮಾನ್ಯವಾಗಿ ಒಂದೇ ಕುಣಿಕೆ ಜೀವಂತವಾಗಿರುತ್ತದೆ. ಅನ್ನ ಉಕ್ಕಿದರೆ, ಬಾಗಿಲಲ್ಲಿ ಯಾರೋ ಕರೆದರೆ, ಆ ಕುಣಿಕೆಯನ್ನು ಸ್ವಲ್ಪ ಉದ್ದಕ್ಕೆ ಎಳೆದಿಟ್ಟು ಎದ್ದು ಹೋಗಬಹುದು. ಬಿಡುವೆಂಬುದು ತುಂಡುತುಂಡಾಗಿಯೇ ದೊರೆಯುವ ಹೆಂಗಸರಿಗೆ ಇದು ಒಲಿದುದರಲ್ಲಿ ಆಶ್ಚರ್ಯವಿಲ್ಲ.

ಇನ್ನು ಕೆಲಸದ ವಿಚಾರ. ಮಧ್ಯಮ ಗಾತ್ರದ ಮೆದು ಹತ್ತಿಯ ನೂಲು ಸುಮಾರು 400 ಗ್ರಾಂ, 4 ಮಿಲಿಮೀಟರಿನ ಒಂದು ಕೊಕ್ಕೆ: ಇಷ್ಟು ಸಾಕು. ಅಕ್ರಿಲಿಕ್ ನೂಲು ಅಗ್ಗ, ಬೇಗ ಒಣಗುತ್ತದೆ ಎಂಬುದೂ ನಿಜ. ಆದರೆ ಬೆವರನ್ನು ಹೀರದು. ಹತ್ತಿ ಒಣಗಲು ಹೊತ್ತು ಹಿಡಿಯುವುದರಿಂದ ಹೊದಿಕೆ ದೊಡ್ಡದಾಗಬಾರದು. 30 ಅಂಗುಲದ ಚೌಕ ಸಾಕು. ಬಣ್ಣ ಹಾಲುಬಿಳುಪು ಬೇಡ. ಕೆಂಪು ಮಣ್ಣಿನ, ಎಣ್ಣೆನೀರಿನ ಮನೆಯಲ್ಲಿ ಹಳದಿಯೋ ಇಟ್ಟಿಗೆಗೆಂಪೋ ಬಾಳುತ್ತದೆ. ಗಾಢ ಬಣ್ಣವಾದರೆ ನೂಲನ್ನು ಮೊದಲೇ ತೊಯಿಸಿ, ಬಣ್ಣ ಬಿಡುವುದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಮೊದಲು 4 ಅಂಗುಲದ ಒಂದು ಮಾದರಿಯನ್ನು ಹೆಣೆದು, ಒಗೆದು, ಒಣಗಿಸಿ ಅಳೆಯಬೇಕು, ಹತ್ತಿ ಕುಗ್ಗುವುದುಂಟು. ಅದರಲ್ಲಿ ಅಗಲಕ್ಕೆ 16 ಕಣ್ಣಿ, ಎತ್ತರಕ್ಕೆ 8 ಸಾಲು ಬಂದರೆ ನಮ್ಮ ಚೌಕಕ್ಕೆ 120 ಕಣ್ಣಿಗಳ 60 ಸಾಲುಗಳಾದವು. ಕುಣಿಕೆಯೊಳಗಿಂದ ಕುಣಿಕೆಯನ್ನು ಎಳೆಯುತ್ತ ಹೋದರೆ ಸರಪಳಿಯಾಗುತ್ತದೆ. ಅದನ್ನು ಸಡಿಲವಾಗಿ 122ರವರೆಗೆ ಹಾಕಿ. ಬಿಗಿಯಾದರೆ ಹೊದಿಕೆಯ ಬುಡ ಸುಕ್ಕುಗಟ್ಟುತ್ತದೆ. ಕೊಕ್ಕೆಗೆ ದಾರವನ್ನು ಒಮ್ಮೆ ಸುತ್ತಿ, ಕೊಕ್ಕೆಯಿಂದ ನಾಲ್ಕನೆಯ ಕಣ್ಣಿಯೊಳಗೆ ತೂರಿಸಿ, ದಾರ ಎಳೆದರೆ ಮೂರು ಕುಣಿಕೆಗಳಾಗುತ್ತವೆ. ದಾರ ಹಿಡಿದು ಎರಡರೊಳಗಿಂದ ಎಳೆಯಿರಿ. ಮತ್ತೆ ಹಿಡಿದು ಉಳಿದೆರಡರೊಳಗಿಂದ ಎಳೆಯಿರಿ. ಇದನ್ನು ನಾನು ಕಂಬವೆಂದು ಕರೆಯುತ್ತೇನೆ. ಬಿಟ್ಟ ಮೂರು ಸರಪಳಿಗಳೇ ಮೊದಲ ಕಂಬ; ಮುಂದೆ ಪ್ರತಿ ಕಣ್ಣಿಗೊಂದರಂತೆ 119. ಸಾಲು ಮುಗಿದ ಮೇಲೆ ಕೆಲಸವನ್ನು ತಿರುಗಿಸಿ, ಮೂರು ಸರಪಳಿ ಹಾಕಿ, ಮೊದಲ ಕಂಬದ ತಲೆಯನ್ನು ಬಿಟ್ಟು ಎರಡನೆಯದರಿಂದ ಆರಂಭಿಸಿ. ಕೊನೆಯ ಕಂಬ ಹಿಂದಿನ ಸಾಲಿನ ಮೂರು ಸರಪಳಿಗಳ ತುದಿಗೇ ಬೀಳಬೇಕು. ಹೊಸಬರು ಮರೆಯುವುದು ಇದನ್ನೇ; ಮರೆತರೆ ಚೌಕವೆಂದು ಆರಂಭವಾದುದು ತ್ರಿಕೋನವಾಗುತ್ತ ಹೋಗುತ್ತದೆ. ಪ್ರತಿ ಸಾಲಿನ ಕೊನೆಯಲ್ಲೂ 120 ಎಂದು ಎಣಿಸುವ ಅಭ್ಯಾಸವಿದ್ದರೆ ಭಯವಿಲ್ಲ.

ಅಲಂಕಾರದ ಆಸೆಗೆ ಇಲ್ಲಿ ಕಡಿವಾಣ ಬೇಕು. ಗುಂಡಿ, ಮಣಿ, ಕುಚ್ಚುಗಳನ್ನು ಮಗು ಬಾಯಿಗೆ ಹಾಕುತ್ತದೆ. ಹೆಣಿಗೆಯ ಸಂದಿನಲ್ಲಿ ನಮ್ಮ ಕಿರುಬೆರಳಿನ ತುದಿ ಹೋಗುವಂತಿದ್ದರೆ ಇನ್ನೂ ಸಣ್ಣ ಕೊಕ್ಕೆಯನ್ನು ಹಿಡಿಯಬೇಕು. ಸಡಿಲ ದಾರದ ಎಳೆ ಹಸುಳೆಯ ಕಾಲ್ಬೆರಳಿಗೆ ಸುತ್ತಿಕೊಂಡು ರಕ್ತದ ಓಟವನ್ನೇ ತಡೆದೀತು. ಆದ್ದರಿಂದ ಹೊಸ ಉಂಡೆಯನ್ನು ಗಂಟಿಲ್ಲದೆ ಜೋಡಿಸಿ, 6 ಅಂಗುಲ ಬಾಲವನ್ನು ಹಿಂದುಮುಂದಾಗಿ ಕಂಬಗಳೊಳಗೆ ಹುದುಗಿಸಬೇಕು.

ಇನ್ನೊಂದು ಮಾತನ್ನು ಉಡುಗೊರೆಯ ಜೊತೆಗೇ ತಾಯಿಗೆ ತಿಳಿಸಬೇಕು. ಒಂದು ವರ್ಷ ತುಂಬುವವರೆಗೆ ಮಲಗಿದ ಮಗುವಿನ ಬಳಿ ಸಡಿಲವಾದ ಹೊದಿಕೆಯನ್ನು ಬಿಡಬಾರದೆಂಬುದು ಇಂದಿನ ಮಕ್ಕಳ ವೈದ್ಯರ ಸಲಹೆ. ಅದು ಮುಖಕ್ಕೆ ಸರಿದರೆ ಉಸಿರು ಕಟ್ಟುವ ಅಪಾಯವಿದೆ. ಹಾಗಾದರೆ ಇದರ ಉಪಯೋಗವೇನು ಎಂದು ಕೇಳಬಹುದು. ಎಣ್ಣೆನೀರಾದ ಮೇಲೆ ಮಡಿಲಲ್ಲಿಟ್ಟು ಸುತ್ತಲು, ಮಳೆಯಲ್ಲಿ ಹೊರಟಾಗ ಕಾಲು ಮುಚ್ಚಲು, ಕವುಚಿ ಬೀಳುವ ವಯಸ್ಸಿನಲ್ಲಿ ನೆಲಕ್ಕೆ ಹಾಸಲು, ಎಲ್ಲವೂ ದೊಡ್ಡವರ ಕಣ್ಣೆದುರಿಗೆ. ಸ್ವಿಸ್ ವೈದ್ಯೆ ಈವಾ ಲೊಂಬಾರ್ಡ್ 1923ರಲ್ಲಿ ಉಡುಪಿಯಲ್ಲಿ ಆಸ್ಪತ್ರೆಯನ್ನು ತೆರೆದ ಕಾಲಕ್ಕೂ ಇಂದಿಗೂ ಹೆರಿಗೆಯ ರೀತಿ ಬಹಳ ಬದಲಾಗಿದೆ. ಮಗುವಿಗೆ ಬೇಕಾದ ಬಿಸುಪು ಬದಲಾಗಿಲ್ಲ. ಕೊಲಂಬಿಯಾದ ಬೊಗೋಟಾದಲ್ಲಿ 1978ರಲ್ಲಿ ತೂಕ ಕಡಮೆಯಿದ್ದ ಶಿಶುಗಳನ್ನು ತಾಯಿಯ ಬರಿ ಎದೆಗೆ ಒತ್ತಿ ಇಡುವ ಪದ್ಧತಿಯನ್ನು ಆರಂಭಿಸಿದರು. ಅದು ಈಗ ಜಗತ್ತೆಲ್ಲ ಒಪ್ಪಿದ ಚಿಕಿತ್ಸೆ. ನಾವು ಹೆಣೆಯುವುದು ಯಾವಾಗಲೂ ಎರಡನೆಯ ಹೊದಿಕೆಯೇ.

ಇಷ್ಟಕ್ಕೆ ಎಷ್ಟು ಹೊತ್ತು? 120ನ್ನು 60ರಿಂದ ಗುಣಿಸಿದರೆ 7,200 ಕಂಬಗಳು. ನಿಮಿಷಕ್ಕೆ ಹತ್ತರಂತೆ ಹನ್ನೆರಡು ಗಂಟೆ. ನಿಜವಾದ ಕ್ರೋಶಾವನ್ನು ಹೆಣೆಯುವ ಯಂತ್ರ ಇಂದಿಗೂ ಬಳಕೆಗೆ ಬಂದಿಲ್ಲ. ಅಂಗಡಿಯಲ್ಲಿ ಅಗ್ಗಕ್ಕೆ ದೊರೆಯುವುದರ ಹಿಂದೆಯೂ ಯಾರದೋ ಬೆರಳುಗಳಿವೆ. ಆಂಧ್ರದ ನರಸಾಪುರದಲ್ಲಿ ಮನೆಯಲ್ಲಿ ಕುಳಿತು ಕ್ರೋಶಾ ಲೇಸು ಹೆಣೆಯುವ ಮಹಿಳೆಯರನ್ನು ಕುರಿತು ಮರಿಯಾ ಮೀಸ್ ಅವರ ಅಧ್ಯಯನ 1982ರಲ್ಲಿ ಪ್ರಕಟವಾಯಿತು. ವಿದೇಶಕ್ಕೆ ಹೋಗುವ ಸರಕನ್ನು ಮಾಡುತ್ತಿದ್ದರೂ ಅವರ ದುಡಿಮೆ ‘ಬಿಡುವಿನ ಹವ್ಯಾಸ’ವೆಂದೇ ಎಣಿಕೆಯಾಗಿ, ಕೂಲಿ ಅತ್ಯಲ್ಪವಾಗಿತ್ತೆಂದು ಅವರು ತೋರಿಸಿದರು. ನಮ್ಮ ಜಿಲ್ಲೆಯಲ್ಲಿ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟಿದ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊತ್ತನ್ನು ಉಡುಗೊರೆಯಾಗಿ ಕೊಡಬಲ್ಲವಳು, ಅದು ತನ್ನದೆಂದು ಬಲ್ಲವಳು ಮಾತ್ರ. ನೆರೆಮನೆಯವಳಿಂದ ‘ಹೇಗೂ ಸುಮ್ಮನೆ ಕುಳಿತಿದ್ದೀರಲ್ಲ’ ಎಂದು ಹೆಣೆಸಿಕೊಂಡು ಬೇರೆಯವರಿಗೆ ಕೊಡುವುದಾದರೆ, ಆ ಹನ್ನೆರಡು ಗಂಟೆಗಳ ಕೂಲಿಯನ್ನು ಎಣಿಸಿ ಕೊಡುವುದು ನ್ಯಾಯ.

ಕೊಡುವ ಮೊದಲು ನೀವೇ ಎರಡು ಸಲ ಒಗೆದು ಕೊಡಿ. ಹೊಸ ನೂಲಿನ ಗಡಸು ಹೋಗುತ್ತದೆ. ಒಗೆದದ್ದನ್ನು ತೂಗುಹಾಕಿದರೆ ನೀರಿನ ಭಾರಕ್ಕೆ ಜಗ್ಗುತ್ತದೆ. ಚಾಪೆಯ ಮೇಲೆ ಹರಡಿ ಒಣಗಿಸಬೇಕು. ಉಳಿದ ನೂಲನ್ನು ಚಿಕ್ಕ ಉಂಡೆಯಾಗಿ ಸುತ್ತಿ ಹೊದಿಕೆಯ ಮಡಿಕೆಯಲ್ಲಿಟ್ಟು ಕೊಡಿ. ಎಲ್ಲಾದರೂ ಹರಿದಾಗ ತೇಪೆಗೆ ಬಂದೀತು. ಹರಿಯುವವರೆಗೂ ಬಳಸಿ ಎಂಬ ಸೂಚನೆಯೂ ಆ ಉಂಡೆಯಲ್ಲಿ ಇರುತ್ತದೆ.