ಇಲಿಯ ಹಾಲೂ ವಂಶವಾಹಿಗಳೂ

ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ವಿರಳ. ಮೈಬಣ್ಣ, ಎತ್ತರ, ಮುಖಲಕ್ಷಣ ಮೊದಲಾದುವು ತಾಯಿತಂದೆಗಳಿಂದ ಮಕ್ಕಳಿಗೆ ಇಳಿದು ಬರುವುದನ್ನು ನಾವು ದಿನವೂ ಕಾಣುತ್ತೇವೆ. ಆದರೆ ತಾಯಿಯು ಶಿಶುವಿಗೆ ಉಣಿಸುವ ಹಾಲೂ ಅಂತಹ ಆನುವಂಶಿಕ ಕಾರಣಗಳಿಗೆ ಒಳಪಟ್ಟಿದೆಯೆಂಬುದನ್ನು ನಾವು ಅಷ್ಟಾಗಿ ಯೋಚಿಸುವುದಿಲ್ಲ. ಹಾಲು ಸಾಲದೆ ಹೋದರೆ ಬಾಣಂತಿಯ ಊಟವನ್ನೋ ಅವಳ ಅಜಾಗರೂಕತೆಯನ್ನೋ, ಕೆಲವು ವೇಳೆ ಅವಳ ಮಮತೆಯನ್ನೇ ಸಹ ದೂರುವುದು ಅನೇಕ ಮನೆಗಳಲ್ಲಿ ವಾಡಿಕೆಯಾಗಿದೆ. ಈ ದೂರಿನಲ್ಲಿ ಎಷ್ಟು ಹುರುಳಿದೆಯೆಂಬುದನ್ನು ವಿಚಾರಿಸುವುದಕ್ಕೆ ನೆರವಾಗುವ ಪ್ರಾಣಿ ಯಾವುದೆಂದರೆ, ನಾವು ಉಗ್ರಾಣದಿಂದ ಓಡಿಸಲೆತ್ನಿಸುವ ಸಣ್ಣ ಇಲಿಯೇ.

ಪ್ರಯೋಗಶಾಲೆಯ ಇಲಿಯು ಸುಮಾರು ೨೦ ದಿನ ಗರ್ಭವನ್ನು ಧರಿಸಿ, ತನ್ನ ೫ ಜೊತೆ ಸ್ತನಗ್ರಂಥಿಗಳಿಂದ ಮರಿಗಳಿಗೆ ಸುಮಾರು ೩ ವಾರ ಹಾಲೂಡುತ್ತದೆ. ಆದುದರಿಂದ ಅನೇಕ ತಲೆಮಾರುಗಳನ್ನು ಸ್ವಲ್ಪ ಕಾಲದಲ್ಲಿಯೇ ಪರೀಕ್ಷಿಸಬಹುದು. ವಂಶವಾಹಿ ಅಥವಾ ಜೀನು ಎಂಬುದು ಜೀವಕೋಶದೊಳಗಿರುವ ಒಂದು ಆಜ್ಞಾಪತ್ರದಂತೆ. ಯಾವ ಪ್ರೋಟೀನನ್ನು ಹೇಗೆ ನಿರ್ಮಿಸಬೇಕೆಂಬುದನ್ನು ಅದು ತಿಳಿಸುತ್ತದೆ. ಸಾಮಾನ್ಯವಾಗಿ ಪ್ರತಿಯೊಂದು ಜೀನಿಗೂ ಎರಡು ಪ್ರತಿಗಳುಂಟು: ಒಂದು ತಾಯಿಯಿಂದ ಬಂದುದು, ಇನ್ನೊಂದು ತಂದೆಯಿಂದ ಬಂದುದು. ಇಲಿಯಲ್ಲಿ ಬೇಕಾದ ಒಂದೇ ಒಂದು ಜೀನನ್ನು ನಿಷ್ಫಲಗೊಳಿಸಿ, ಅದರಿಂದ ಯಾವ ಕಾರ್ಯವು ಕೆಡುವುದೆಂದು ನೋಡುವ ಮಾರ್ಗವನ್ನು ತೋರಿದುದಕ್ಕಾಗಿ ಕೆಪೆಕಿ, ಇವಾನ್ಸ್, ಸ್ಮಿತೀಸ್ ಎಂಬ ಮೂವರು ವಿಜ್ಞಾನಿಗಳಿಗೆ ೨೦೦೭ರಲ್ಲಿ ನೊಬೆಲ್ ಬಹುಮಾನವು ದೊರೆಯಿತು. ಈ ಮಾರ್ಗದಿಂದ ತಿಳಿದುಬಂದುದೇನೆಂದರೆ, ಹಾಲೂಡುವುದು ಒಂದೇ ಕಾರ್ಯವಲ್ಲ. ಗ್ರಂಥಿಯನ್ನು ಕಟ್ಟುವುದು, ಹಾಲನ್ನು ತಯಾರಿಸುವುದು, ಅದನ್ನು ಹೊರಕ್ಕೆ ಬಿಡುವುದು ಎಂಬ ಮೂರು ಕಾರ್ಯಗಳು ಅದರಲ್ಲಿ ಅಡಗಿವೆ. ಒಂದೊಂದಕ್ಕೂ ಬೇರೆ ಬೇರೆ ಜೀನುಗಳು ಬೇಕು.

ಮೊದಲನೆಯದು ಗ್ರಂಥಿಯ ರಚನೆ. ಗರ್ಭಧಾರಣೆಗೆ ಮುಂಚೆ ಇಲಿಯ ಸ್ತನಗ್ರಂಥಿಯು ಎಲೆಯುದುರಿದ ಮರದಂತೆ ಬರಿಯ ನಾಳಗಳ ಕವಲುಗಳಿಂದ ಕೂಡಿರುತ್ತದೆ. ಗರ್ಭಕಾಲದಲ್ಲಿ ಈ ಕವಲುಗಳ ಮೇಲೆ ಹಾಲನ್ನು ಸ್ರವಿಸುವ ಸಣ್ಣ ಚೀಲಗಳು ದ್ರಾಕ್ಷಿಯ ಗೊಂಚಲಿನಂತೆ ಮೂಡುತ್ತವೆ. ಇದಕ್ಕೆ ಕರೆಯನ್ನು ಕಳುಹಿಸುವ ರಸಗಳಲ್ಲಿ ಮುಖ್ಯವಾದುದು ಮೆದುಳಿನ ಬುಡದಲ್ಲಿರುವ ಪಿಟ್ಯೂಟರಿ ಗ್ರಂಥಿಯಿಂದ ಹೊರಡುವ ಪ್ರೊಲ್ಯಾಕ್ಟಿನ್. ೧೯೨೮ರಲ್ಲಿ ಸ್ಟ್ರಾಸ್‌ಬರ್ಗ್ ನಗರದ ಸ್ಟ್ರಿಕರ್ ಮತ್ತು ಗ್ರೂಟರ್ ಎಂಬವರು ಪಿಟ್ಯೂಟರಿಯ ಸಾರವನ್ನು ಮೊಲಗಳಿಗೆ ಚುಚ್ಚಿ, ಅವುಗಳಲ್ಲಿ ಹಾಲುಂಟಾಗುವುದನ್ನು ಕಂಡಿದ್ದರು. ಆದರೆ ಕರೆಯನ್ನು ಕಳುಹಿಸಿದರೆ ಸಾಲದು; ಅದನ್ನು ಕೇಳುವ ಕಿವಿಯೂ ಬೇಕಷ್ಟೆ. ಜೀವಕೋಶದ ಮೇಲಿರುವ ಈ ಕಿವಿಗೆ ಗ್ರಾಹಕವೆಂದು ಹೆಸರು. ಗ್ರಾಹಕದ ಜೀನಿನ ಎರಡು ಪ್ರತಿಗಳಲ್ಲಿ ಒಂದನ್ನು ಮಾತ್ರ ಕಳೆದುಕೊಂಡ ಇಲಿಗಳು ಚೊಚ್ಚಲ ಮರಿಗಳಿಗೆ ಹಾಲೂಡಲು ಬಹುಮಟ್ಟಿಗೆ ಅಶಕ್ತವಾದುವೆಂದು ೧೯೯೭ರಲ್ಲಿ ಪ್ರಕಟವಾಯಿತು. ಆಶ್ಚರ್ಯವೇನೆಂದರೆ, ಮುಂದಿನ ಗರ್ಭಗಳಲ್ಲಿ ಅವುಗಳ ಗ್ರಂಥಿಯು ಬೆಳೆದು, ಹಾಲೂಡುವುದು ಸಾಧ್ಯವಾಯಿತು. ಅದೇ ವರ್ಷ, ಈ ಕರೆಯನ್ನು ಜೀವಕೋಶದ ಒಳಕ್ಕೆ ಒಯ್ಯುವ ಸ್ಟ್ಯಾಟ್-೫ಎ ಎಂಬ ಪ್ರೋಟೀನಿಲ್ಲದ ಇಲಿಗಳಲ್ಲಿಯೂ ಗ್ರಂಥಿಯು ಪೂರ್ಣವಾಗಿ ಬೆಳೆಯದೆ ಹಾಲು ಬಾರದೆ ಹೋಯಿತೆಂದು ಅಮೆರಿಕೆಯಲ್ಲಿ ಕಂಡುಹಿಡಿದರು.

ಎರಡನೆಯದು ಹಾಲಿನ ತಯಾರಿಕೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಸಿಹಿಯನ್ನು ಕೊಡುವುದು ಮಾತ್ರವಲ್ಲದೆ ನೀರನ್ನು ಹಾಲಿನೊಳಕ್ಕೆ ಸೆಳೆಯುತ್ತದೆ. ಈ ಸಕ್ಕರೆಯು ಉಂಟಾಗಲು ಆಲ್ಫಾ ಲ್ಯಾಕ್ಟಾಲ್ಬುಮಿನ್ ಎಂಬ ಪ್ರೋಟೀನು ಅವಶ್ಯ. ೧೯೯೪ರಲ್ಲಿ ಫ್ರಾನ್ಸ್ ದೇಶದ ಸಂಶೋಧಕರು ಇದರ ಜೀನನ್ನು ಇಲ್ಲದಂತೆ ಮಾಡಿದಾಗ, ಹಾಲು ಮಂದವಾಗಿ ಅಂಟಿನಂತಾಯಿತು. ಮರಿಗಳಿಗೆ ಅದನ್ನು ಹೀರುವುದೇ ಆಗಲಿಲ್ಲ. ತಾಯಿಯಲ್ಲಿ ಹಾಲಿತ್ತು, ಮರಿಗಳಿಗೆ ಹಸಿವೂ ಇತ್ತು. ಒಂದು ಪ್ರೋಟೀನಿನ ಅಭಾವವು ಇವೆರಡರ ನಡುವೆ ಅಡ್ಡವಾಗಿ ನಿಂತಿತು.

ಇದಕ್ಕಿಂತಲೂ ಕನಿಕರವನ್ನು ಹುಟ್ಟಿಸುವ ಒಂದು ಇಲಿಯ ವಂಶವುಂಟು. ಇದರಲ್ಲಿ ತಾಯಿಯು ಧಾರಾಳವಾಗಿ ಹಾಲು ಕೊಡುತ್ತಿದ್ದರೂ, ಅದನ್ನು ಕುಡಿದ ಮರಿಗಳು ಸೊರಗಿ ಸಾಯುತ್ತಿದ್ದುವು. ಅವೇ ಮರಿಗಳನ್ನು ಬೇರೊಂದು ತಾಯಿಯ ಬಳಿ ಬಿಟ್ಟರೆ ಬದುಕುತ್ತಿದ್ದುವು. ಆದುದರಿಂದ ದೋಷವು ಮರಿಗಳದ್ದಲ್ಲ, ಹಾಲಿನದೆಂದು ಸ್ಪಷ್ಟವಾಯಿತು. ಆ ಹಾಲಿನಲ್ಲಿ ಸತುವಿನ ಅಂಶವು ತೀರ ಕಡಿಮೆಯೆಂದು ೧೯೭೮ರಲ್ಲಿಯೂ, ಸತುವನ್ನು ಸಾಗಿಸುವ ಒಂದು ಜೀನು ಕೆಟ್ಟಿರುವುದೇ ಇದಕ್ಕೆ ಮೂಲವೆಂದು ೧೯೯೭ರಲ್ಲಿಯೂ ಗೊತ್ತಾಯಿತು.

ಮೂರನೆಯದು ಹಾಲನ್ನು ಹೊರಕ್ಕೆ ಬಿಡುವುದು. ಮರಿಯು ಮೊಲೆಗೆ ಬಾಯಿಟ್ಟೊಡನೆ ತಾಯಿಯ ರಕ್ತಕ್ಕೆ ಆಕ್ಸಿಟೋಸಿನ್ ಎಂಬ ರಸವು ಸೇರಿ, ಹಾಲಿನ ಚೀಲಗಳು ಹಿಂಡಲ್ಪಟ್ಟು, ಹಾಲು ನಾಳಗಳಲ್ಲಿ ಇಳಿಯುತ್ತದೆ. ಈ ರಸದ ಜೀನಿಲ್ಲದ ಇಲಿಗಳನ್ನು ೧೯೯೬ರಲ್ಲಿ ಪರೀಕ್ಷಿಸಿದರು. ಅವು ಸುಖವಾಗಿ ಹೆತ್ತುವು. ಮರಿಗಳನ್ನು ಮಿಕ್ಕ ತಾಯಂದಿರಂತೆಯೇ ಆರೈಕೆ ಮಾಡಿದುವು. ಗ್ರಂಥಿಯಲ್ಲಿ ಹಾಲೂ ಇದ್ದಿತು. ಆದರೂ ಮರಿಗಳ ಹೊಟ್ಟೆಗೆ ಹಾಲು ಇಳಿಯಲಿಲ್ಲ. ತಾಯಿಗೆ ಆಕ್ಸಿಟೋಸಿನ್ ಚುಚ್ಚಿದಾಗ ಹಾಲಿಳಿದು ಮರಿಗಳು ಬದುಕಿದುವು. ಮಮತೆಗೂ ಹಾಲಿನ ಇಳಿತಕ್ಕೂ ಭೇದವುಂಟೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಕೆ?

ಇಲಿಯಲ್ಲಿ ಕಂಡುದೆಲ್ಲವೂ ಮನುಷ್ಯರಿಗೆ ಹಾಗೆಯೇ ಅನ್ವಯಿಸುವುದೆಂದು ಹೇಳಲಾಗದು. ಆದರೂ ಸತುವಿನ ವಿಷಯದಲ್ಲಿ ಹೋಲಿಕೆಯುಂಟು. ಕೆಲವು ತಾಯಂದಿರ ಹಾಲಿನಲ್ಲಿ ಸತುವು ಕಡಿಮೆಯಾಗುವುದಕ್ಕೆ ಇಲಿಯ ಆ ಜೀನಿನ ಬಳಗಕ್ಕೆ ಸೇರಿದ ಇನ್ನೊಂದು ಜೀನಿನ ದೋಷವು ಕಾರಣವೆಂದು ೨೦೦೬ರಲ್ಲಿ ತೋರಿಸಲಾಯಿತು. ಇಂತಹ ಹಾಲನ್ನೇ ನೆಚ್ಚಿದ ಶಿಶುವಿನ ಬಾಯಿಯ ಸುತ್ತಲೂ ಮತ್ತಿತರ ಕಡೆಗಳಲ್ಲಿಯೂ ಚರ್ಮವು ಕೆಂಪೇರಿ ಹುಣ್ಣಾಗುತ್ತದೆ. ತಾಯಿಯು ಎಷ್ಟು ಸತುವನ್ನು ಸೇವಿಸಿದರೂ ಹಾಲು ಸರಿಹೋಗದು. ಶಿಶುವಿಗೇ ವೈದ್ಯರು ಸತುವನ್ನು ಕೊಟ್ಟರೆ ಗುಣವಾಗುತ್ತದೆ. ಆ ತಾಯಿಯು ಪಥ್ಯವನ್ನು ಮೀರಿದಳೆಂದು ದೂರುತ್ತ ಕುಳಿತರೆ, ಶಿಶುವಿಗೆ ಸಲ್ಲಬೇಕಾದ ಔಷಧವು ತಡವಾಗುವುದೊಂದೇ ಫಲ.

ಎಲ್ಲ ಕೊರತೆಗಳಿಗೂ ಜೀನುಗಳೇ ಹೊಣೆಯೆಂದು ವಾಚಕರು ಭಾವಿಸಬಾರದು. ಹಾಲೂಡಲು ತಡಮಾಡುವುದು, ದಿನಕ್ಕೆ ಕೆಲವೇ ಬಾರಿ ಊಡುವುದು, ಶಿಶುವು ಮೊಲೆಯನ್ನು ಸರಿಯಾಗಿ ಹಿಡಿಯದಿರುವುದು, ತಾಯಿಯ ಅಸ್ವಸ್ಥತೆ—ಇವೇ ಹೆಚ್ಚಾಗಿ ಕಂಡುಬರುವ ಕಾರಣಗಳು. ಶಿಶುವು ಹೀರಿದಷ್ಟೂ ಹಾಲು ಹೆಚ್ಚುವುದೆಂಬುದು ಸಾಮಾನ್ಯ ನಿಯಮ. ಇವುಗಳಲ್ಲಿ ಬಹುಪಾಲನ್ನು ತಿಳಿದವರ ಸಹಾಯದಿಂದ ಸರಿಪಡಿಸಿಕೊಳ್ಳಬಹುದು. ಆದರೆ ಎಲ್ಲ ಪ್ರಯತ್ನಗಳನ್ನು ಮಾಡಿದ ಮೇಲೂ ಶಿಶುವಿನ ತೂಕವು ಏರದಿದ್ದರೆ, ಕಾರಣವು ತಾಯಿಯ ಇಚ್ಛೆಗೆ ಮೀರಿದ್ದಾಗಿರಬಹುದು.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರು. ಕೆಲವರು ಅತ್ತೆಯರೂ ಅಜ್ಜಿಯರೂ ಆಗಿರುವರು. ಬಾಣಂತಿಯ ಕೋಣೆಯಲ್ಲಿ ಅವರ ಮಾತಿಗೆ ಬೆಲೆಯುಂಟು. ಮಗುವಿಗೆ ಹಾಲು ಸಾಲದೆಂದು ಕೇಳಿದಾಗ, ತಪ್ಪು ಯಾರದೆಂದು ಹುಡುಕುವುದಕ್ಕೆ ಮುಂಚೆ, ಮಗುವನ್ನು ತೂಗಿ ನೋಡಿ, ತಾಯಿಗೆ ಧೈರ್ಯ ಹೇಳಿ, ಇಬ್ಬರನ್ನೂ ವೈದ್ಯರ ಬಳಿಗೆ ಕರೆದೊಯ್ಯುವಂತೆ ನಾವು ಅವರಲ್ಲಿ ವಿನಂತಿಸುತ್ತೇವೆ.