ಉಚ್ಚಂಗಿದುರ್ಗದ ಕಾಲುದಾರಿ

ವಿಜಯನಗರ ಜಿಲ್ಲೆಯ ಹರಪನಹಳ್ಳಿ ತಾಲ್ಲೂಕಿನ ತೆಂಕಣ ಅಂಚಿನಲ್ಲಿ, ಜೋಳ ಮತ್ತು ಮೆಕ್ಕೆಜೋಳದ ಹೊಲಗಳ ನಡುವೆ ಎದ್ದು ನಿಂತಿರುವ ಬಂಡೆಗಲ್ಲಿನ ಬೆಟ್ಟದ ಮೇಲೆ ಉಚ್ಚಂಗಿದುರ್ಗದ ಕೋಟೆಯಿದೆ. ದಾವಣಗೆರೆಯಿಂದ ಬಸ್ಸು ಹಿಡಿದು ಬಂದು, ಮೆಟ್ಟಿಲು ಹತ್ತಿ, ದೇವಿಯ ದರ್ಶನ ಮುಗಿಸಿ, ಹಾಳು ಗೋಡೆಗಳ ಮುಂದೆ ನಿಂತು ಚಿತ್ರ ತೆಗೆಸಿಕೊಂಡು ಅರ್ಧ ದಿನದಲ್ಲಿ ಮರಳುವವರೇ ಹೆಚ್ಚು. ಆದರೆ ಇಂಥ ಅವಸರದ ಭೇಟಿಯಲ್ಲಿ ಈ ಕೋಟೆಯ ಬಗೆಗಿನ ಮುಖ್ಯ ಪ್ರಶ್ನೆಗೆ ಉತ್ತರ ಸಿಕ್ಕುವುದಿಲ್ಲ: ಗಂಗರು, ಚೋಳರು, ಚಾಲುಕ್ಯರು, ಹೊಯ್ಸಳರು ಈ ಒಂದು ಬೆಟ್ಟಕ್ಕಾಗಿ ಏಕೆ ಅಷ್ಟೊಂದು ಹೆಣಗಿದರು? ಉತ್ತರ ಇರುವುದು ಬೆಟ್ಟದಲ್ಲಲ್ಲ, ಬೆಟ್ಟದಿಂದ ಕಾಣುವ ಊರುಗಳಲ್ಲಿ. ಆದ್ದರಿಂದ ಪಡುವಣದಲ್ಲಿ ತುಂಗಭದ್ರೆಯ ದಂಡೆಯಿಂದ ಹೊರಟು, ಹಿರೇಹಡಗಲಿ, ಬಾಗಳಿ, ಹರಪನಹಳ್ಳಿಗಳನ್ನು ಹಾಯ್ದು ದುರ್ಗವನ್ನು ತಲುಪುವ ನಾಲ್ಕೈದು ದಿನಗಳ ಕಾಲ್ನಡಿಗೆಯು ಈ ಸೀಮೆಯನ್ನು ಅರಿಯುವುದಕ್ಕೆ ತಕ್ಕ ಕ್ರಮವಾಗಿದೆ. ಇದು ಫಲಕ ನೆಟ್ಟ ಚಾರಣಮಾರ್ಗವೇನೂ ಅಲ್ಲ. ಬಂಡಿದಾರಿ, ಕೆರೆ ಏರಿ, ಹೊಲದ ಬದು ಮತ್ತು ಅಲ್ಲಲ್ಲಿ ಡಾಂಬರು ರಸ್ತೆ ಸೇರಿ ಆಗುವ ದಾರಿ. ಹಳ್ಳಿಗರಿಗೆ ಮಾತ್ರ ಇದರಲ್ಲಿ ಹೊಸದೇನೂ ಕಾಣುವುದಿಲ್ಲ. ಹೂವಿನಹಡಗಲಿ ಸೀಮೆಯ ಮೈಲಾರದ ಜಾತ್ರೆ, ಕೊಟ್ಟೂರಿನ ತೇರು, ಉಚ್ಚಂಗೆಮ್ಮನ ಹುಣ್ಣಿಮೆ ಇವುಗಳಿಗೆ ನಡೆದೇ ಹೋಗುವುದು ಇಲ್ಲಿನ ಹಳೆಯ ವಾಡಿಕೆ, ಮತ್ತು ಕೊಟ್ಟೂರೇಶ್ವರನ ರಥೋತ್ಸವಕ್ಕೆ ದಾವಣಗೆರೆಯಿಂದ ಇಂದಿಗೂ ಪ್ರತಿವರ್ಷ ಜನ ಗುಂಪುಗುಂಪಾಗಿ ಪಾದಯಾತ್ರೆ ಹೊರಡುತ್ತಾರೆ.

ನಡಿಗೆಯನ್ನು ಆರಂಭಿಸಲು ತಕ್ಕ ಊರು ಹೂವಿನಹಡಗಲಿ ತಾಲ್ಲೂಕಿನ ಕುರುವತ್ತಿ. ಕಲ್ಯಾಣ ಚಾಲುಕ್ಯರ ಒಂದನೆಯ ಸೋಮೇಶ್ವರನು, ಅಂದರೆ ಆಹವಮಲ್ಲನು, ಗುಣವಾಗದ ಜ್ವರಕ್ಕೆ ತುತ್ತಾಗಿ 1068ರಲ್ಲಿ ತುಂಗಭದ್ರೆಯಲ್ಲಿ ಮುಳುಗಿ ಪ್ರಾಣ ಬಿಟ್ಟದ್ದು ಇಲ್ಲಿಯೇ. ನೀರಿನಲ್ಲಿ ಇಳಿದು ಸ್ವಇಚ್ಛೆಯಿಂದ ದೇಹತ್ಯಾಗ ಮಾಡುವ ಈ ಕ್ರಮವನ್ನು ಜಲಸಮಾಧಿ ಎನ್ನುತ್ತಾರೆ. ಕವಿ ಬಿಲ್ಹಣನು ಈ ಪ್ರಸಂಗವನ್ನು ತನ್ನ 'ವಿಕ್ರಮಾಂಕದೇವಚರಿತ'ದಲ್ಲಿ ಬಣ್ಣಿಸಿದ್ದಾನೆ. ಊರಿನ ಮಲ್ಲಿಕಾರ್ಜುನ ದೇವಾಲಯದಲ್ಲಿ ಕಂಬದ ಮೇಲ್ತುದಿಗೂ ಸೂರಿನ ತೊಲೆಗೂ ನಡುವೆ ಓರೆಯಾಗಿ ನಿಲ್ಲಿಸಿದ ಸ್ತ್ರೀವಿಗ್ರಹಗಳಿವೆ. ಮದನಿಕೆ ಅಥವಾ ಶಿಲಾಬಾಲಿಕೆ ಎಂದು ಕರೆಯುವ ಇಂಥ ವಿಗ್ರಹಗಳೆಂದರೆ ಓದುಗರಿಗೆ ಮೊದಲು ನೆನಪಾಗುವುದು 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯ. ಆದರೆ ಆ ಕಲ್ಪನೆಯು ಹೊಯ್ಸಳರ ಕೈಗೆ ಬರುವ ಮೊದಲೇ ತುಂಗಭದ್ರೆಯ ದಂಡೆಯಲ್ಲಿ ಪಕ್ವವಾಗಿತ್ತೆಂಬುದಕ್ಕೆ ಕುರುವತ್ತಿಯ ಮದನಿಕೆಯರು ಸಾಕ್ಷಿ. ಬೇಲೂರಿಗೆ ಸಲ್ಲುವ ಹೊಗಳಿಕೆಯಲ್ಲಿ ಒಂದು ಪಾಲು ಈ ಊರಿಗೂ ಸಲ್ಲಬೇಕು.

ಕುರುವತ್ತಿಯಿಂದ ಈಶಾನ್ಯಕ್ಕಿರುವ ಹಿರೇಹಡಗಲಿಯಲ್ಲಿ ಸೋಮೇಶ್ವರನ ಕಾಲದ, 1057ರ ಶಾಸನವುಳ್ಳ ಕಲ್ಲೇಶ್ವರ ದೇವಾಲಯವಿದೆ. ಆದರೆ ಇತಿಹಾಸಕಾರರ ನಡುವೆ ಈ ಊರಿಗೆ ಹೆಸರು ಬಂದಿರುವುದು ದೇವಾಲಯಕ್ಕಿಂತ ಮಿಗಿಲಾಗಿ ಇಲ್ಲಿ ದೊರೆತ ತಾಮ್ರಪಟಗಳಿಂದ. ಕಂಚಿಯ ಪಲ್ಲವ ದೊರೆ ಶಿವಸ್ಕಂದವರ್ಮನು ಪ್ರಾಕೃತ ಭಾಷೆಯಲ್ಲಿ ಹೊರಡಿಸಿದ, ಕ್ರಿ.ಶ. ನಾಲ್ಕನೆಯ ಶತಮಾನದ ದಾನಶಾಸನವದು. ಕನ್ನಡವು ಶಾಸನದ ಭಾಷೆಯಾಗುವುದಕ್ಕೆ ಮುಂಚೆ, ತಮಿಳುನಾಡಿನ ರಾಜಧಾನಿಯಿಂದ ಹೊರಟ ಆಜ್ಞೆಯೊಂದು ತುಂಗಭದ್ರೆಯ ಈ ಮಗ್ಗುಲಿನ ಊರಿನವರೆಗೂ ನಡೆಯುತ್ತಿತ್ತೆಂಬುದನ್ನು ಅದು ತಿಳಿಸುತ್ತದೆ. ಮುಂದೆ ಈ ಸೀಮೆಯಲ್ಲಿ ಪಲ್ಲವರ ಹೆಸರು ಮತ್ತೆ ಮತ್ತೆ ಎದುರಾಗುವುದರಿಂದ ಈ ಸಂಗತಿಯನ್ನು ನಡಿಗೆಯ ಆರಂಭದಲ್ಲಿಯೇ ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಹಿರೇಹಡಗಲಿಯಿಂದ ಮೂಡಣಕ್ಕೆ ಬಾಗಳಿಯವರೆಗಿನ ದಾರಿ ಪೂರ್ತಿ ಬಯಲುಸೀಮೆಯದು. ಮಸಾರಿ ಎನ್ನುವ ಕೆಂಪು ಮಣ್ಣೂ ಎರೆ ಎನ್ನುವ ಕಪ್ಪು ಮಣ್ಣೂ ಇಲ್ಲಿ ಪಕ್ಕಪಕ್ಕದ ಹೊಲಗಳಲ್ಲೇ ಸಿಕ್ಕುತ್ತವೆ. ಮಸಾರಿಯಲ್ಲಿ ಶೇಂಗಾ, ಸಜ್ಜೆ, ನವಣೆ, ಎರೆಯಲ್ಲಿ ಬಿಳಿಜೋಳ ಎಂಬ ಹಳೆಯ ಪಾಳಿಯನ್ನು ಈಚಿನ ದಶಕಗಳಲ್ಲಿ ಮೆಕ್ಕೆಜೋಳವು ಬಹುಮಟ್ಟಿಗೆ ಮುರಿದಿದೆ. ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿರುವ ಈ ನೆಲಕ್ಕೆ ಮುಂಗಾರು ಬಂದರೂ ಬಂತು, ಬಾರದಿದ್ದರೂ ಇಲ್ಲ ಎಂಬ ಸ್ಥಿತಿ ಹೊಸದಲ್ಲ. ಹಾಗಾಗಿಯೇ ಶಾಸನಗಳಲ್ಲಿ ದೇವಾಲಯದಷ್ಟೇ ಕೆರೆಯ ಮಾತೂ ಬರುತ್ತದೆ. ಹಳ್ಳಿಗಳ ನಡುವೆ ಲಂಬಾಣಿ ತಾಂಡಾಗಳೂ ನಾಯಕರ ಹಟ್ಟಿಗಳೂ ಸಿಕ್ಕುತ್ತವೆ. ಊರಿನ ಕಟ್ಟೆಯ ಬಳಿಯ ಸಣ್ಣ ಹೋಟೆಲಿನಲ್ಲಿ ಬೆಳಗಿನ ಹೊತ್ತು ಒಗ್ಗರಣೆ ಮಂಡಕ್ಕಿಯೂ ಮಿರ್ಚಿಯೂ ತಪ್ಪುವುದಿಲ್ಲ. ಮಧ್ಯಾಹ್ನಕ್ಕೆ ಯಾರದಾದರೂ ಮನೆಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಸಿಕ್ಕಿದರೆ ನಡೆಯುವವರ ಅದೃಷ್ಟ.

ಬಾಗಳಿಯ ಕಲ್ಲೇಶ್ವರ ದೇವಾಲಯದ ಮುಂದೆ ಒಂದು ಮಧ್ಯಾಹ್ನವನ್ನಾದರೂ ಪೂರ್ತಿಯಾಗಿ ಕಳೆಯಬೇಕು. ರಾಷ್ಟ್ರಕೂಟರ ಕೊನೆಗಾಲಕ್ಕೂ ಚಾಲುಕ್ಯರ ಆರಂಭಕ್ಕೂ ನಡುವೆ ರೂಪುಗೊಂಡ ಈ ಗುಡಿಯಲ್ಲಿ, ಎರಡನೆಯ ತೈಲಪನ ಆಳ್ವಿಕೆಯಲ್ಲಿ, 987ರಲ್ಲಿ ದುಗ್ಗಿಮಯ್ಯನೆಂಬುವನು ಪ್ರತಿಷ್ಠೆ ಮಾಡಿಸಿದನೆಂದು ಶಾಸನದಿಂದ ತಿಳಿಯುತ್ತದೆ. ಹತ್ತರಿಂದ ಹನ್ನೆರಡನೆಯ ಶತಮಾನದವರೆಗಿನ ಮೂವತ್ತಕ್ಕೂ ಹೆಚ್ಚು ಶಾಸನಗಳು ಇಲ್ಲಿವೆ. ಐವತ್ತು ಕಂಬಗಳ ತೆರೆದ ಸಭಾಮಂಟಪವನ್ನು ಹೊಕ್ಕು ನೋಡಿದರೆ, ಕಂಬಗಳ ರೂಪ ಒಂದೇ ಬಗೆಯದಲ್ಲವೆಂಬುದು ಅರಿವಾಗುತ್ತದೆ. ಬಳಪದ ಕಲ್ಲು, ಅಂದರೆ ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವ ನುಣುಪು ಶಿಲೆ, ಚಾಲುಕ್ಯ ಶಿಲ್ಪಿಗಳ ಕೈಗೆ ಬಂದ ಮೇಲೆ ಕಂಬವನ್ನು ಚರಕಿಗೆ ಹಾಕಿ ತಿರುಗಿಸಿ ಉಳಿಯಿಂದ ತಿದ್ದುವುದು ಸಾಧ್ಯವಾಯಿತು. ಅಂಥ ಕಂಬದ ಸುತ್ತ ಬೆರಳಾಡಿಸಿದರೆ ಕತ್ತಿಯ ಅಲಗಿನಷ್ಟು ಚೂಪಾದ ಬಳೆಗಳು ಒಂದರ ಮೇಲೊಂದು ತಗಲುತ್ತವೆ, ಮತ್ತು ಸಾವಿರ ವರ್ಷದ ಮೇಲೂ ಆ ಅಂಚು ಮೊಂಡಾಗಿಲ್ಲದಿರುವುದು ಅಚ್ಚರಿಯ ಸಂಗತಿ. ಇಷ್ಟು ಕೆಲಸ ಮಾಡಿಸಲು ಬೇಕಾದ ಹಣವು ಈ ಬಯಲಿನ ಜೋಳದಿಂದಲೂ ಹಾದುಹೋಗುವ ವ್ಯಾಪಾರದ ಸುಂಕದಿಂದಲೂ ಬಂದಿರಬೇಕು. ಬಾಗಳಿಯನ್ನು ಕಂಡ ಮೇಲೆ ದುರ್ಗದ ಅಗತ್ಯವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಇಂಥ ಊರುಗಳನ್ನು ಆಳಬೇಕಾದವನು ಅವುಗಳ ಮೇಲೆ ಕಣ್ಣಿಡುವ ಎತ್ತರವನ್ನು ಹಿಡಿಯಲೇಬೇಕಿತ್ತು.

ಬಾಗಳಿಗೆ ಸಮೀಪದ ಹರಪನಹಳ್ಳಿಯು ಪಾಳೆಯಗಾರರ ಪಟ್ಟಣ. ವಿಜಯನಗರದ ಪತನದ ತರುವಾಯ ತಮ್ಮ ತಮ್ಮ ಸೀಮೆಗಳನ್ನು ಸ್ವತಂತ್ರವಾಗಿ ಆಳಿದ ನಾಯಕ ಮನೆತನಗಳಿಗೆ ಪಾಳೆಯಗಾರರೆಂದು ಹೆಸರು. ಚಿತ್ರದುರ್ಗದ ಹಿರೇಮದಕರಿನಾಯಕನು 1748ರಲ್ಲಿ ಮಾಯಕೊಂಡದ ಯುದ್ಧದಲ್ಲಿ ಮಡಿದದ್ದು ಹರಪನಹಳ್ಳಿಯ ಸೋಮಶೇಖರನಾಯಕನ ಕೈಯಲ್ಲಿ. ಈ ಎರಡು ಮನೆತನಗಳ ಹಗೆತನದ ನಡುವೆ ಸಿಕ್ಕಿಬಿದ್ದ ಕೋಟೆಗಳಲ್ಲಿ ಉಚ್ಚಂಗಿದುರ್ಗವೂ ಒಂದು. ಇಲ್ಲಿಂದ ದಾರಿ ದಕ್ಷಿಣಕ್ಕೆ ತಿರುಗುತ್ತದೆ. ಸಮಯವುಳ್ಳವರು ಮೂಡಣ ಕವಲನ್ನು ಹಿಡಿದು ಕೊಟ್ಟೂರು ಮತ್ತು ಉಜ್ಜಿನಿಯ ಮೂಲಕವೂ ಬರಬಹುದು. ವೀರಶೈವ ಪಂಚಪೀಠಗಳಲ್ಲೊಂದಾದ ಉಜ್ಜಿನಿಯ ಮರುಳಸಿದ್ಧೇಶ್ವರ ದೇವಾಲಯದ ಶಿಖರಕ್ಕೆ ಜಾತ್ರೆಯಲ್ಲಿ ಎಣ್ಣೆ ಎರೆಯುವ ವಿಶಿಷ್ಟ ಆಚರಣೆಯಿದ್ದು, ಆ ತೈಲವು ಕೂಡ್ಲಿಗಿ ಸೀಮೆಯ ಜರಿಮಲೆಯ ಪಾಳೆಯಗಾರ ಮನೆತನದಿಂದ ಬರುತ್ತದೆ. ಅಲ್ಲಿನ ಒಳಗುಡಿಯ ಕೆತ್ತನೆಯ ಸೊಬಗನ್ನು ಮೆಚ್ಚಿ, ಹಂಪಿಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು ಎಂದು ಜನ ಹೇಳುವುದುಂಟು.

ದಕ್ಷಿಣಕ್ಕೆ ನಡೆದಂತೆ ಬಯಲಿನಲ್ಲಿ ಬಂಡೆಗಳು ತಲೆಯೆತ್ತತೊಡಗಿ, ಕೊನೆಗೆ ದುರ್ಗದ ಬೆಟ್ಟ ಕಣ್ಣಿಗೆ ಬೀಳುತ್ತದೆ. ಬಾಗಳಿಯ ನುಣುಪು ಕಲ್ಲಿನ ನಂತರ ಇಲ್ಲಿ ಎದುರಾಗುವುದು ಉಳಿಗೆ ಸುಲಭವಾಗಿ ಬಗ್ಗದ ಒರಟು ಕಣಶಿಲೆ. ಈ ಸೀಮೆಯ ಕೋಟೆಗಳಲ್ಲಿ ಬಂಡೆಯ ಮೇಲೆ ಸಾಲಾಗಿ ಗುಳಿ ತೋಡಿ, ಬೆಣೆ ಬಡಿದು ಸೀಳಿದ ಗುರುತುಗಳು ಇನ್ನೂ ಹಾಗೆಯೇ ಕಾಣುತ್ತವೆ. ಹಾಗೆ ಸೀಳಿದ ದಿಂಡುಗಳನ್ನು ಗಾರೆಯಿಲ್ಲದೆ ಒಂದಕ್ಕೊಂದು ಕೂರಿಸಿ, ಸಹಜ ಬಂಡೆ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಗೋಡೆ ಎಬ್ಬಿಸುವುದು ಕೋಟೆ ಕಟ್ಟುವವರ ಕ್ರಮ. ಮೆಟ್ಟಿಲು ಹತ್ತುತ್ತ ಹೋದಂತೆ ಎದುರಾಗುವ ಬಾಗಿಲುಗಳು, ಕೊತ್ತಲಗಳು ಎಂದರೆ ಗೋಡೆಯಿಂದ ಮುಂಚಾಚಿದ ಕಾವಲು ಬುರುಜುಗಳು, ಮೇಲೆ ಮಳೆನೀರು ನಿಲ್ಲುವ ಹೊಂಡಗಳು ಇವೆಲ್ಲ ಒಂದೇ ಅರಸನ ಕೆಲಸವಲ್ಲ. ಒಬ್ಬ ಕಟ್ಟಿದ್ದನ್ನು ಇನ್ನೊಬ್ಬ ಕೆಡವಿ, ಮತ್ತೊಬ್ಬ ತೇಪೆ ಹಾಕಿದ ಕೋಟೆಯಿದು. ಯಾವ ಗೋಡೆ ಯಾವ ಶತಮಾನದ್ದೆಂದು ಖಚಿತವಾಗಿ ಹೇಳುವ ಮಾರ್ಗದರ್ಶಿಗಳ ಮಾತನ್ನು ಸ್ವಲ್ಪ ಅನುಮಾನದಿಂದಲೇ ಕೇಳುವುದು ಲೇಸು.

ಆಳಿದವರ ಪಟ್ಟಿ ಮಾತ್ರ ಶಾಸನಗಳಲ್ಲಿ ಸ್ಪಷ್ಟವಾಗಿದೆ. ಕದಂಬರ ಶಾಸನಗಳಲ್ಲಿ ಬರುವ ಉಚ್ಚಶೃಂಗಿಯು ಇದೇ ಊರೆಂದು ವಿದ್ವಾಂಸರು ಗುರುತಿಸುತ್ತಾರೆ. ತಮ್ಮನ್ನು ಪಲ್ಲವ ಕುಲದವರೆಂದು ಕರೆದುಕೊಂಡ ನೊಳಂಬರು ಹೇಮಾವತಿಯನ್ನು ರಾಜಧಾನಿ ಮಾಡಿಕೊಂಡು ಆಳಿದ ನಾಡಿಗೆ ನೊಳಂಬವಾಡಿ ಮೂವತ್ತೆರಡು ಸಾವಿರ ಎಂದು ಹೆಸರಾಯಿತು. ಆ ಸಂಖ್ಯೆ ಊರುಗಳದೋ ಆದಾಯದ್ದೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಉಚ್ಚಂಗಿಯಂತೂ ಆ ನಾಡಿನ ಬಲವಾದ ಕೋಟೆಯಾಗಿತ್ತು. ಗಂಗರ ಇಮ್ಮಡಿ ಮಾರಸಿಂಹನು ಅದನ್ನು ಗೆದ್ದು 'ನೊಳಂಬಕುಲಾಂತಕ' ಎನಿಸಿಕೊಂಡನೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಅವನ ದಂಡನಾಯಕ, ಮುಂದೆ ಗೊಮ್ಮಟನನ್ನು ಕಡೆಯಿಸಿದ ಚಾವುಂಡರಾಯನಿಗೆ 'ರಣರಂಗಸಿಂಗ' ಎಂಬ ಬಿರುದು ಬಂದದ್ದೂ ಉಚ್ಚಂಗಿಯ ಕೋಟೆಯಲ್ಲಿ ರಾಜಾದಿತ್ಯನೆಂಬುವನ ವಿರುದ್ಧ ಕಾದಿದ್ದಕ್ಕಾಗಿ. ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದ ಹೊತ್ತಿಗೆ ಇಲ್ಲಿ ಪಾಂಡ್ಯರೆಂಬ ಸಾಮಂತರು ಕಾಣಿಸಿಕೊಳ್ಳುತ್ತಾರೆ; ಇವರು ಮಧುರೆಯ ಪಾಂಡ್ಯರಲ್ಲ, ಹೆಸರೊಂದೇ ಆದ ಬೇರೆಯೇ ಮನೆತನ.

ಹೊಯ್ಸಳರಿಗಂತೂ ಈ ಬೆಟ್ಟ ತಲೆಮಾರುಗಳ ಗುರಿಯಾಗಿತ್ತು. ವಿಷ್ಣುವರ್ಧನನು 'ನೊಳಂಬವಾಡಿಗೊಂಡ' ಎಂಬ ಬಿರುದನ್ನು ಧರಿಸಿದರೂ ನಾಡು ಕೈಯಲ್ಲಿ ಉಳಿಯಲಿಲ್ಲ. ಅವನ ಮೊಮ್ಮಗ ಇಮ್ಮಡಿ ಬಲ್ಲಾಳನು ಸುಮಾರು 1177ರಲ್ಲಿ ಕೋಟೆಯನ್ನು ಹಿಡಿದು 'ಗಿರಿದುರ್ಗಮಲ್ಲ' ಎಂದೂ, ಗೆಲುವು ಶನಿವಾರ ದೊರೆತದ್ದರಿಂದ 'ಶನಿವಾರಸಿದ್ಧಿ' ಎಂದೂ ಕರೆಯಿಸಿಕೊಂಡನು. ಹಿಂದೆ ಚೋಳರು ಹನ್ನೆರಡು ವರ್ಷ ಮುತ್ತಿಗೆ ಹಾಕಿ ಕೈಚೆಲ್ಲಿದ ಕೋಟೆಯನ್ನು ಬಲ್ಲಾಳನು ಆಟದಂತೆ ಗೆದ್ದನೆಂದೂ, ಶರಣಾದ ಪಾಂಡ್ಯ ಅರಸನಿಗೆ ರಾಜ್ಯವನ್ನು ಮರಳಿ ಕೊಟ್ಟನೆಂದೂ ಹೊಯ್ಸಳ ಶಾಸನಗಳು ಹೊಗಳುತ್ತವೆ. ಶಾಸನ ಬರೆದವರು ಗೆದ್ದ ಕಡೆಯವರು ಎಂಬುದನ್ನು ಮರೆಯಬಾರದಾದರೂ, ಹನ್ನೆರಡು ವರ್ಷದ ಮಾತಿನಲ್ಲಿ ಕೋಟೆಯ ಕೀರ್ತಿಯಂತೂ ಗೊತ್ತಾಗುತ್ತದೆ. ಮೇಲೆ ನಿಂತು ಹೊಂಡಗಳ ನೀರನ್ನೂ ಕೆಳಗಿನ ಹೊಲಗಳ ಹರವನ್ನೂ ನೋಡಿದವರಿಗೆ ದೀರ್ಘ ಮುತ್ತಿಗೆಯ ಕಥೆ ಅಸಂಭವವೆನಿಸುವುದಿಲ್ಲ. ಈಚೆಗೆ ಬೆಟ್ಟವನ್ನು ಯಾರೂ ಮುತ್ತದಿದ್ದರೂ ಒಡೆತನ ಬದಲಾಗುವುದು ನಿಂತಿಲ್ಲ: ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಿಂದ 1953ರಲ್ಲಿ ಮೈಸೂರು ರಾಜ್ಯಕ್ಕೆ, 1997ರಲ್ಲಿ ದಾವಣಗೆರೆ ಜಿಲ್ಲೆಗೆ, ಆಮೇಲೆ ಮರಳಿ ಬಳ್ಳಾರಿಗೆ, 2021ರಲ್ಲಿ ವಿಜಯನಗರ ಜಿಲ್ಲೆಗೆ ಹೀಗೆ ತಾಲ್ಲೂಕಿನ ಜೊತೆ ದುರ್ಗವೂ ಅಲೆದಿದೆ.

ಅರಸರು ಹೋದ ಮೇಲೂ ಈ ಮೆಟ್ಟಿಲುಗಳನ್ನು ಸವೆಸುತ್ತ ಬಂದಿರುವುದು ಉಚ್ಚಂಗೆಮ್ಮನ, ಉಚ್ಚಂಗಿ ಎಲ್ಲಮ್ಮನ, ಒಕ್ಕಲಿನವರು. ಭರತ ಹುಣ್ಣಿಮೆಗೆ ಸುತ್ತಲ ಜಿಲ್ಲೆಗಳಿಂದ ಬಂಡಿ, ಟ್ರ್ಯಾಕ್ಟರು, ಕಾಲ್ನಡಿಗೆಯಲ್ಲಿ ಬಂದವರು ಹಾಲಮ್ಮನ ತೋಪಿನಲ್ಲಿ ಬೀಡುಬಿಟ್ಟು, ಒಲೆ ಹೂಡಿ, ಹೋಳಿಗೆ ಕಡುಬು ಮಾಡಿ ಪಡ್ಲಿಗಿ ತುಂಬಿಸುತ್ತಾರೆ. ಪಡ್ಲಿಗಿ ಎಂದರೆ ಬಿದಿರಿನ ಬುಟ್ಟಿ. ಭಂಡಾರ ಹಚ್ಚಿದ ಆ ಬುಟ್ಟಿಗೆ ಎಡೆ ತುಂಬಿ ಪೂಜಿಸಿ, ಉಧೋ ಉಧೋ ಎಂದು ದೇವಿಯನ್ನು ಕೂಗಿ, ಎಡೆಯನ್ನು ಹಂಚಿ ಉಣ್ಣುತ್ತಾರೆ. ಜೋಗತಿಯರ ಕೈಯಲ್ಲಿ ಚೌಡಿಕೆ ಇರುತ್ತದೆ: ಟೊಳ್ಳು ಮರದ ಕೊಳಗಕ್ಕೆ ತಳದಲ್ಲಿ ಚರ್ಮ ಬಿಗಿದು, ಅದರ ನಡುವಿನಿಂದ ಹೊರಟ ತಂತಿಯನ್ನು ಪಕ್ಕದ ಕೋಲಿನ ಬಿರಡೆಗೆ ಸುತ್ತಿ, ಕಂಕುಳಲ್ಲಿ ಅವಚಿ ಮೀಟುವ ವಾದ್ಯ. ತಂತಿಯ ಬಿಗಿತ ಹೆಚ್ಚುಕಡಿಮೆ ಮಾಡಿದಂತೆ ದನಿ ಏರಿ ಇಳಿಯುತ್ತದೆ, ಮತ್ತು ಎಲ್ಲಮ್ಮನ ಕಥೆಯನ್ನು ಹಾಡುವಾಗ ಹಾಡಿನ ಸಾಲಿಗೆ ಹೂಂಗುಟ್ಟುವ ಕೆಲಸವೂ ಅದರದೇ.

ಈ ಭಕ್ತಿಯ ಮಗ್ಗುಲಲ್ಲೇ ಒಂದು ಕಹಿ ಸತ್ಯವೂ ಇದೆ. ಇದೇ ಹುಣ್ಣಿಮೆಯಂದು ದಲಿತ ಕುಟುಂಬಗಳ ಎಳೆಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ, ಎಂದರೆ ದೇವಿಯ ಹೆಸರಿನಲ್ಲಿ ಮಣಿಸರ ಕಟ್ಟಿ, ಮದುವೆಯ ಬಾಳಿನಿಂದ ಹೊರಗಿಟ್ಟು ದೇವದಾಸಿಯರನ್ನಾಗಿಸುವ ಪದ್ಧತಿ ಇಲ್ಲಿ ನಡೆದುಬಂದಿತ್ತು. ಕರ್ನಾಟಕವು 1982ರ ಕಾಯ್ದೆಯಿಂದ ಇದನ್ನು ನಿಷೇಧಿಸಿತು. ಆದರೂ ಆತಂಕ ತೀರಿರಲಿಲ್ಲವಾಗಿ 2014ರಲ್ಲಿ ಸುಪ್ರೀಂ ಕೋರ್ಟು ಹರಪನಹಳ್ಳಿ ಸೀಮೆಯಲ್ಲಿ ಇಂಥ ಸಮರ್ಪಣೆ ನಡೆಯದಂತೆ ತಡೆಯಲು ರಾಜ್ಯಕ್ಕೆ ಸೂಚಿಸಬೇಕಾಯಿತು. ಜಾತ್ರೆಯ ದಿನಗಳಲ್ಲಿ ಅಧಿಕಾರಿಗಳೂ ಮಹಿಳಾ ಸಂಘಟನೆಗಳೂ ಕಾವಲು ನಿಲ್ಲುವುದು ಈ ಕಾರಣಕ್ಕೆ. ದುರ್ಗದ ಸೊಬಗನ್ನು ಬಣ್ಣಿಸುವ ಪ್ರವಾಸಿ ಬರಹಗಳು ಈ ಸಂಗತಿಯನ್ನು ಮುಟ್ಟದೆ ದಾಟಿಬಿಡುವುದು ಸರಿಯಾದ ರೂಢಿಯಲ್ಲ.

ನಡೆಯುವವರಿಗೆ ಕಾರ್ತಿಕದಿಂದ ಮಾಘದವರೆಗಿನ ಕಾಲ ಅನುಕೂಲ. ಹಿಂಗಾರಿ ಜೋಳ ತೆನೆಗಟ್ಟುವ ಹೊತ್ತದು; ಬಿಸಿಲು ಸಹಿಸುವಂತಿರುತ್ತದೆ. ಯುಗಾದಿಯ ಆಚೆಗೆ ಬಂಡೆ ಕಾದು, ಬೆಟ್ಟ ಹತ್ತುವುದು ಬೆಳಗಿನ ಜಾವಕ್ಕೆ ಮಾತ್ರ ಸಾಧ್ಯ. ಮಠಗಳಲ್ಲಿ, ಗುಡಿಯ ಪೌಳಿಗಳಲ್ಲಿ ರಾತ್ರಿ ತಂಗಲು ಕೇಳಿದರೆ ಸಾಮಾನ್ಯವಾಗಿ ಇಲ್ಲವೆನ್ನುವುದಿಲ್ಲ.

ದುರ್ಗದಿಂದ ಇಳಿದವರು ಬಂದ ದಾರಿಯಲ್ಲಿ ಮರಳದೆ ದಕ್ಷಿಣಕ್ಕೆ ಅಣಜಿಯ ಕಡೆಗೆ ಸಾಗುವುದು ಮೇಲು. ದಾವಣಗೆರೆ ತಾಲ್ಲೂಕಿನ ಆ ಊರಿನಲ್ಲಿ ಕದಂಬ ಕೃಷ್ಣವರ್ಮನಿಗೂ ನಣಕ್ಕಾಸನೆಂಬ ಪಲ್ಲವನಿಗೂ ನಡೆದ ಕದನವನ್ನು ನೆನೆಯುವ ಸಂಸ್ಕೃತ ಶಾಸನ ದೊರೆತಿದೆ. ಅದರಲ್ಲಿ ಗೆದ್ದವನ ಬಿರುದುಗಳ ಮೆರವಣಿಗೆಯಿಲ್ಲ. ಕೃಷ್ಣವರ್ಮನ ಸೇನೆ ಮುರಿದುಬಿದ್ದ ಮೇಲೆ ಶಿವನಂದವರ್ಮನೆಂಬುವನು ದರ್ಭೆಯ ಹಾಸಿಗೆಯಲ್ಲಿ ಮಲಗಿ ಸಾವನ್ನು ಬಯಸಿದ ಸಂಗತಿಯಿದೆ. ಉಚ್ಚಂಗಿಯ ಸುತ್ತ ದೊರೆತ ಕಲ್ಲುಗಳಲ್ಲಿ ಸೋತವನ ಪರವಾಗಿ ಮಾತಾಡುವ ಶಾಸನ ಇದೆಂಬುದರಿಂದ, ಶನಿವಾರಸಿದ್ಧಿಯ ಕಥೆಯನ್ನು ಓದಿದವರು ಇದನ್ನೂ ಓದಬೇಕು. ಅಣಜಿಯಿಂದ ದಾವಣಗೆರೆಗೆ ಬಸ್ಸುಗಳಿವೆ.