ಕೊಟ್ಟಿಗೆಯನ್ನು ಕೋಣೆಯಾಗಿಸುವ ಮುನ್ನ

ಎತ್ತುಗಳ ಕೆಲಸವನ್ನು ಟ್ರ್ಯಾಕ್ಟರುಗಳು ವಹಿಸಿಕೊಂಡ ಮೇಲೆ, ಉತ್ತರ ಕರ್ನಾಟಕದ ಅನೇಕ ಮಾಳಿಗೆ ಮನೆಗಳಲ್ಲಿ ದನ ಕಟ್ಟುತ್ತಿದ್ದ ಅಂಕಣ ಬರಿದಾಗಿದೆ. ಅದನ್ನು ಕೋಣೆಯಾಗಿಸಿ ಹಿರಿಯರಿಗೆ ಮಲಗಲು ಕೊಡುವುದು ಉಚಿತವೇ. ಆದರೆ ಬಣ್ಣ ಬಳಿಯುವುದಕ್ಕಿಂತ ಮೊದಲು ನಾವು ತೇವ ಮತ್ತು ಗಾಳಿಯ ವಿಚಾರ ಮಾಡಬೇಕು.

ಬಹುಕಾಲ ಗಂಜಲ ಹೀರಿದ ನೆಲವೂ ಗೋಡೆಯ ಬುಡವೂ ತೇವ ಹಿಡಿದಿರುತ್ತವೆ. ಅದರ ಮೇಲೆಯೇ ಸಿಮೆಂಟಿನ ಗಿಲಾವು ಮಾಡಿದರೆ ತೇವ ಒಳಗೇ ಉಳಿದು ಬೂಷ್ಟು ಬೆಳೆಯುತ್ತದೆ. ಅದರ ಸೂಕ್ಷ್ಮ ಕಣಗಳು ಉಬ್ಬಸವನ್ನು ಕೆರಳಿಸುತ್ತವೆ. ಆದ್ದರಿಂದ ಹಳೆಯ ಮಣ್ಣನ್ನು ಅಗೆದು ತೆಗೆದು, ನೆಲವನ್ನು ಎತ್ತರಿಸಿ, ಗೋಡೆ ಚೆನ್ನಾಗಿ ಒಣಗಿದ ಬಳಿಕ ಸುಣ್ಣದ ಗಾರೆಯನ್ನು ಬಳಸುವುದು ಮೇಲು. ಅಗೆಯುವಾಗ ನೀರು ಚಿಮುಕಿಸಿದರೆ ಧೂಳು ಏಳದು.

100 ಚದರಡಿಯ ಕೋಣೆಗೆ ಕನಿಷ್ಠ 10 ಚದರಡಿಯಷ್ಟು ಕಿಟಕಿ ಇರಲಿ. ಎದುರುಬದುರಾಗಿದ್ದರೆ ಗಾಳಿ ಸಲೀಸಾಗಿ ಹಾಯುತ್ತದೆ. ಮಾಳಿಗೆಯ ಭಾರ ಹೊತ್ತ ಗೋಡೆಯನ್ನು ಮಾತ್ರ ಅನುಭವಿ ಗೌಂಡಿಯನ್ನು ಕೇಳದೆ ಒಡೆಯಬಾರದು.

ಚಳಿಗೆಂದು ಕೆಂಡದ ಅಗ್ಗಿಷ್ಟಿಕೆಯಿಟ್ಟು ಬಾಗಿಲು ಮುಚ್ಚಿ ಮಲಗುವುದಂತೂ ಕೂಡದು. ಕೆಂಡದಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ನಿದ್ರೆಯಲ್ಲಿಯೇ ಪ್ರಾಣ ತೆಗೆಯಬಲ್ಲುದು.

ತಂದೆತಾಯಿಗಳ ಹಾಸಿಗೆಯನ್ನು ಅಲ್ಲಿಗೆ ಒಯ್ಯುವ ಮುನ್ನ ನಾವೇ ಕೆಲವು ರಾತ್ರಿ ಮಲಗಿ ನೋಡೋಣ. ತೇವದ ವಾಸನೆ ಬಂದರೆ ಕೆಲಸ ಇನ್ನೂ ಮುಗಿದಿಲ್ಲವೆಂದೇ ತಿಳಿಯೋಣ.